ಎಡಕ್ಕೆ ಮಾತ್ರ ತಡ

ಹೋದ ತಿಂಗಳು ಪಕ್ಕದ ಮನೆಯವರ ಮೊಮ್ಮಗನಿಗೆ ಬೆಂಗಾವಲಾಗಿ ಮಹಾಪೆಯ ಒಂದು ಕ್ರೀಡಾ ಕೇಂದ್ರಕ್ಕೆ ಹೋಗಬೇಕಾಯಿತು. ಹುಡುಗ ಫುಟ್‌ಬಾಲ್ ಆಡುತ್ತಾನೆ. ಅಲ್ಲಿ ಗೋಡೆಯ ಮೇಲೆ ಒಂದು ದೊಡ್ಡ ಹಲಗೆ. ಅದರಲ್ಲಿ ಅಲ್ಲೊಂದು ಇಲ್ಲೊಂದು ದೀಪ ಹತ್ತುತ್ತದೆ, ಹತ್ತಿದ್ದನ್ನು ತಟ್ಟಿ ಆರಿಸಬೇಕು, ಆರಿಸಿದೊಡನೆ ಇನ್ನೊಂದು ಹತ್ತುತ್ತದೆ. ಮನೆಯಲ್ಲಿ ಬಚ್ಚಲಿನ ಲೈಟು ಆರಿಸು ಎಂದು ಮೂರು ಸಲ ಹೇಳಿದರೂ ಕೇಳದ ಪೋರ ಅಲ್ಲಿ ಒಂದೇ ಉಸಿರಿಗೆ ಐವತ್ತು ಲೈಟು ಆರಿಸಿದ.

"ಅಂಕಲ್, ಇದು ಕಣ್ಣಿಗೂ ಮೆದುಳಿಗೂ ಒಟ್ಟಿಗೇ ಜಿಮ್," ಎಂದು ಟೀಶರ್ಟಿನ ತರಬೇತುದಾರ ನನಗೆ ತಿಳಿಸಿಕೊಟ್ಟ. ಈ ಶಾಸ್ತ್ರದಲ್ಲಿ ನಾನು ಅವನಿಗಿಂತ ಹಿರಿಯ ವಿಜ್ಞಾನಿ ಎಂದು ಹೇಳಿಕೊಳ್ಳಲು ಬಾಯಿ ತೆರೆದೆ. ಅಷ್ಟರಲ್ಲಿ ಹೆಂಗಸೊಬ್ಬಳು ಬಂದು ನೆಲಕ್ಕೆ ಫಿನಾಯಿಲ್ ಹಾಕಿ ಒರೆಸತೊಡಗಿದಳು. ಬಾಗಿಲ ಬಳಿ ಮಕ್ಕಳ ಒದ್ದೆ ಕ್ಯಾನ್ವಾಸ್ ಶೂಗಳ ಸಾಲು. ಎರಡು ವಾಸನೆ ಕೂಡಿದ್ದೇ ತಡ, ತೆರೆದ ಬಾಯಿ ಹಾಗೆಯೇ ಮುಚ್ಚಿತು. ನಾನು ಮಹಾಪೆಯಲ್ಲಿರಲಿಲ್ಲ. ಎರಡು ಸಾವಿರದ ಆರರ ಮಳೆಗಾಲದಲ್ಲಿ, ಕೋಪರಖೈರಣೆಯ ಒಂದು ಶಾಲೆಯ ಉದ್ದನೆಯ ಪಡಸಾಲೆಯಲ್ಲಿ, ಕೈಯಲ್ಲಿ ಸ್ಟಾಪ್‌ವಾಚು ಹಿಡಿದು ನಿಂತಿದ್ದೆ.

ಆಗ ಕೋಪರಖೈರಣೆಯಲ್ಲಿ ನನ್ನದೊಂದು ಕನ್ನಡಕದ ಅಂಗಡಿ ಇತ್ತು. ಹತ್ತಡಿ ಉದ್ದ, ಎಂಟಡಿ ಅಗಲ. ಬೋರ್ಡಿನಲ್ಲಿ ಮೇಲೆ ಮರಾಠಿ, ನಡುವೆ ಇಂಗ್ಲಿಷು, ಕೆಳಗೆ ಅಭಿಮಾನಕ್ಕೆಂದು ಸಣ್ಣ ಅಕ್ಷರದಲ್ಲಿ ಕನ್ನಡ. ಕನ್ನಡ ಓದಬಲ್ಲ ಗಿರಾಕಿಗಳಿಗೆ ಅದು ಕಾಣುತ್ತಿರಲಿಲ್ಲ, ಕಾಣುತ್ತಿದ್ದರೆ ಅವರು ನನ್ನ ಅಂಗಡಿಗೆ ಯಾಕೆ ಬರುತ್ತಿದ್ದರು. ನಾನು ಡಾಕ್ಟರನಲ್ಲ, ಕಣ್ಣಿನ ನಂಬರು ತೆಗೆಯುವವನು. ಉಡುಪಿಯ ಕಡೆಯಿಂದ ಬಂದು ಹೋಟೆಲು ಇಡದ ಒಬ್ಬನೇ ಮನುಷ್ಯ ಎಂದು ನನ್ನ ಭಾವಂದಿರು ಎಲ್ಲರಿಗೂ ನನ್ನನ್ನು ಪರಿಚಯಿಸುತ್ತಿದ್ದರು.

ಆ ವರ್ಷ ಬೇಸಗೆಯಲ್ಲಿ ಕನ್ನಡಕದ ಗಾಜು ಮಾರುವವರು ವಾಶಿಯ ಹೋಟೆಲೊಂದರಲ್ಲಿ ನಮ್ಮಂಥವರನ್ನು ಕರೆದು ಊಟ ಹಾಕಿದರು. ಊಟದ ಮೇಲೆ ಭಾಷಣ. ಆಟಗಾರರು ಕಾಲಿಗೆ ಕಸರತ್ತು ಕೊಟ್ಟಂತೆ ಕಣ್ಣಿಗೂ ಕೊಡಬೇಕು, ಕಣ್ಣು ಕಂಡದ್ದಕ್ಕೂ ಮೆದುಳು ತೀರ್ಮಾನಿಸುವುದಕ್ಕೂ ನಡುವೆ ಇರುವ ಹೊತ್ತನ್ನು ಅಭ್ಯಾಸದಿಂದ ಕಡಿಮೆ ಮಾಡಬಹುದು ಎಂದು ಯಾರೋ ಹೇಳುತ್ತಿದ್ದರು. ಹೊಟ್ಟೆ ತುಂಬಿದ್ದರಿಂದ ನನಗೆ ಅರ್ಧವಷ್ಟೇ ಕೇಳಿಸಿತು. ಅನಾಹುತಕ್ಕೆ ಅರ್ಧ ಜ್ಞಾನ ಧಾರಾಳ ಸಾಕು.

ಜೂನ್ ತಿಂಗಳಲ್ಲಿ ಜಾಧವ್ ಬಾಯಿ ತಮ್ಮ ಕನ್ನಡಕದ ಮುರಿದ ಕಡ್ಡಿ ಹಿಡಿದುಕೊಂಡು ಅಂಗಡಿಗೆ ಬಂದರು. ಈ ಕಡೆ ಟೀಚರನ್ನು ಬಾಯಿ ಎನ್ನುತ್ತಾರೆ. ಅವರು ಹತ್ತಿರದ ಶಾಲೆಯಲ್ಲಿ ಆಟದ ಟೀಚರು, ಹುಡುಗಿಯರ ಖೋ ಖೋ ತಂಡದ ಸರ್ವಾಧಿಕಾರಿ. ಹಿಂದಿನ ವರ್ಷದ ಮಹಾಮಳೆಯನ್ನು ಯಾರೂ ಮರೆತಿರಲಿಲ್ಲ. ಮೋಡ ಕಪ್ಪಾದರೆ ಸಾಕು, ಅಂಗಡಿಯವರೆಲ್ಲ ಸಾಮಾನು ಒಂದು ಅಡಿ ಮೇಲಿಡುತ್ತಿದ್ದೆವು.

"ಕಾಕಾ, ಮೈದಾನ ಅಂತ ಒಂದಿತ್ತು, ಈಗ ಅದು ಕೆರೆ," ಎಂದರು ಬಾಯಿ ಹಿಂದಿಯಲ್ಲಿ. "ಸೆಪ್ಟೆಂಬರಿನಲ್ಲಿ ಜಿಲ್ಲಾ ಪಂದ್ಯ. ಮಕ್ಕಳು ಪಡಸಾಲೆಯಲ್ಲಿ ಕೂತು ಕಡಲೆ ತಿನ್ನುತ್ತಿದ್ದಾವೆ."

ಕಡ್ಡಿಗೆ ಸ್ಕ್ರೂ ಹಾಕುತ್ತ ನಾನು ವಾಶಿಯ ಅರ್ಧ ಭಾಷಣವನ್ನು ಪೂರ್ತಿ ಭಾಷಣ ಮಾಡಿ ಹೇಳಿದೆ. ಖೋ ಖೋದಲ್ಲಿ ಸಾಲಾಗಿ ಕುಕ್ಕರುಗಾಲಲ್ಲಿ ಕೂತಿರುತ್ತಾರೆ, ಒಬ್ಬರ ಮುಖ ಆ ಕಡೆ, ಮುಂದಿನವರದ್ದು ಈ ಕಡೆ. ಬೆನ್ನ ಮೇಲೆ ತಟ್ಟಿ "ಖೋ" ಎಂದ ಕ್ಷಣ ಎದ್ದು ಎಡಕ್ಕೋ ಬಲಕ್ಕೋ ಹೊರಳಬೇಕು. ಒಮ್ಮೆ ಹೊರಳಿದ ಮೇಲೆ ಮನಸ್ಸು ಬದಲಿಸುವಂತಿಲ್ಲ. ಮದುವೆಗಿಂತ ಕಟ್ಟುನಿಟ್ಟಾದ ಈ ನಿಯಮದಲ್ಲಿ ಕಾಲಿಗಿಂತ ಕಣ್ಣಂಚಿಗೆ ಕೆಲಸ ಹೆಚ್ಚು. ತಲೆ ತಿರುಗಿಸದೆ ಎರಡೂ ಬದಿಯನ್ನು ಕಂಡವಳು ಗೆದ್ದಳು.

"ಹಾಗಾದರೆ ಬನ್ನಿ, ಕಲಿಸಿ," ಎಂದರು ಬಾಯಿ. ಇಷ್ಟು ಸುಲಭವಾಗಿ ಯಾರಾದರೂ ನನ್ನ ಮಾತು ನಂಬಿದ್ದು ಅದೇ ಮೊದಲು. ಗಾಬರಿಯಾಯಿತು.

ಮನೆಯಲ್ಲಿ ತಯಾರಿ ನಡೆಯಿತು. ಹಳೆಯ ಟೆನಿಸ್ ಚೆಂಡಿನ ಮೇಲೆ ಅಕ್ಷರ ಬರೆದು ದಾರದಲ್ಲಿ ತೂಗುಹಾಕಿದೆ. ಚೆಂಡು ತೂಗಾಡುವಾಗ ತಲೆ ಅಲುಗಿಸದೆ ಅಕ್ಷರ ಓದಬೇಕು. ಲಗ್ನಪತ್ರಿಕೆಗಳ ಬೆನ್ನಿಗೆ ದಪ್ಪಗೆ ಅಂಕಿ ಬರೆದು ನೂರು ಚೀಟಿ ಮಾಡಿದೆ. ನನ್ನ ಹೆಂಡತಿಯ ಕುಂಕುಮದ ಸ್ಟಿಕ್ಕರಿನ ಪೊಟ್ಟಣವೊಂದನ್ನು ವಿಜ್ಞಾನಕ್ಕಾಗಿ ವಶಪಡಿಸಿಕೊಂಡೆ.

"ನಿಮಗೆ ಮಕ್ಕಳನ್ನು ಆಡಿಸ್ಬೇಕಂತ ಆಸೆ ಆದ್ರೆ ಹಾಗೇ ಹೋಗಿ ಆಡಿಸಿ ಮಾರಾಯ್ರೆ," ಎಂದಳು ಅವಳು. "ಅದಕ್ಕೆ ನನ್ನ ಬೊಟ್ಟು ಯಾಕೆ?"

ಮುಖ್ಯ ಪರೀಕ್ಷೆ ಹೀಗೆ. ಪಡಸಾಲೆಯ ಗೋಡೆಗೆ ಒಂದು ಬೊಟ್ಟು ಅಂಟಿಸಿದೆ. ಹುಡುಗಿ ಅದನ್ನೇ ನೋಡುತ್ತ ಕುಕ್ಕರುಗಾಲಲ್ಲಿ ಕೂರಬೇಕು. ಆಚೆ ಈಚೆ ಇಬ್ಬರು ಗೆಳತಿಯರು ಅಂಕಿಯ ಚೀಟಿ ಹಿಡಿದು ನಿಲ್ಲುತ್ತಾರೆ. ಹಿಂದೆ ನಾನು. ನಾನು ಯಾವ ಬದಿ ಕೂಗಿದೆನೋ ಆ ಬದಿಯ ಅಂಕಿಯನ್ನು ಕಣ್ಣಂಚಿನಲ್ಲೇ ಓದಿ ಹೇಳುತ್ತ ಅತ್ತ ಎದ್ದು ಹೊರಳಬೇಕು. ಕೂಗಿದಲ್ಲಿಂದ ಹೊರಳುವವರೆಗಿನ ಹೊತ್ತನ್ನು ಸ್ಟಾಪ್‌ವಾಚು ಅಳೆಯುತ್ತದೆ, ನಾನು ದಪ್ಪ ರಟ್ಟಿನ ರಿಜಿಸ್ಟರಿನಲ್ಲಿ ಬರೆಯುತ್ತೇನೆ. ಹದಿನಾಲ್ಕು ಹುಡುಗಿಯರು. ಅವರೆಲ್ಲರ ಬಾಯಲ್ಲಿ ನಾನು ಚಷ್ಮಾ ಅಂಕಲ್.

ಹದಿನಾಲ್ಕರಲ್ಲಿ ಒಬ್ಬಳು ಮೊದಲ ದಿನ ನನ್ನ ಹಿಂದಿ ಕೇಳಿ ತಲೆಯೆತ್ತಿದಳು. "ಸರ, ನೀವು ಕನ್ನಡದವ್ರೇನ್ರಿ?"

"ಹೌದು ಮಗಾ. ನೀನು ಎಲ್ಲಿಯವಳು?"

"ಬಿಜಾಪುರ ಕಡಿಯವ್ರರಿ. ಇಂಡಿ ಹಂತ್ಯಾಕ. ಅಪ್ಪ ಅವ್ವ ಬಿಲ್ಡಿಂಗ್ ಕೆಲಸಾ ಮಾಡ್ತಾರ್ರಿ, ಘಣಸೋಲಿ ಸೈಟಿನ್ಯಾಗ."

ಹೆಸರು ಕಾಶೀಬಾಯಿ, ತಂಡಕ್ಕೆ ಕಾಶಿ. ಹದಿಮೂರು ವರ್ಷ, ಬೆಂಕಿಕಡ್ಡಿಯಂಥ ಕಾಲು. ನಮ್ಮದು ಹೆತ್ತ ಮಗನೇ ಹಿಂದಿಯಲ್ಲಿ ಉತ್ತರ ಕೊಡುವ ಊರು. ಕನ್ನಡದಲ್ಲಿ ಕೇಳಿದ್ದಕ್ಕೆ ಕನ್ನಡದಲ್ಲೇ ಉತ್ತರ ಬಂದರೆ ನನ್ನಂಥವನಿಗೆ ಎಷ್ಟು ಉಬ್ಬು ಬಂದೀತು! ಅಲ್ಲಿಯೇ ತೀರ್ಮಾನಿಸಿದೆ. ಉಳಿದ ಹದಿಮೂರು ಮಂದಿಗೆ ಮರಾಠಿಯಲ್ಲಿ "ಡಾವಾ", "ಉಜ್ವಾ". ಕಾಶಿಗೆ ಮಾತ್ರ ಅವಳ ತಾಯಿನುಡಿಯಲ್ಲಿ "ಎಡ", "ಬಲ". ಬುದ್ಧಿಯ ಪರೀಕ್ಷೆ ಎಂದ ಮೇಲೆ ಅದು ತಾಯಿನುಡಿಯಲ್ಲೇ ನಡೆಯಬೇಕಲ್ಲವೇ? ಈ ಸಿದ್ಧಾಂತವನ್ನು ಮನೆಯಲ್ಲಿ ಊಟದ ಹೊತ್ತಿಗೆ ಮಂಡಿಸಿದೆ. ಹೆಂಡತಿ ಹುಳಿ ಬಡಿಸಿದಳು.

ಮಳೆ ಸುರಿಯಿತು. ಸಂಜೆ ಐದಕ್ಕೆ ಅಂಗಡಿಯ ಅರ್ಧ ಶಟರ್ ಎಳೆದು, ಪ್ಯಾಂಟು ಮಡಚಿ, ಪ್ಲಾಸ್ಟಿಕ್ ಚೀಲದಲ್ಲಿ ರಿಜಿಸ್ಟರು ಸುತ್ತಿಕೊಂಡು ಶಾಲೆಗೆ ನಡೆಯುತ್ತಿದ್ದೆ. ಪಡಸಾಲೆಯಲ್ಲಿ ಆಗಷ್ಟೇ ಫಿನಾಯಿಲ್ ಬಿದ್ದಿರುತ್ತಿತ್ತು, ಶೂಗಳು ಗೋಡೆಯುದ್ದಕ್ಕೂ ಒಣಗುವ ನಾಟಕ ಆಡುತ್ತಿದ್ದವು. ಹುಡುಗಿಯರು ಚೆಂಡಿನ ಅಕ್ಷರ ಓದಿದರು, ಚೀಟಿ ಓದಿದರು. ಆಮೇಲೆ ಅಂಗಡಿಯ ಮುಂದೆ ಓಡುವ ಬಸ್ಸುಗಳ ನಂಬರನ್ನೂ ಕಣ್ಣಂಚಿನಲ್ಲೇ ಓದಿ ನನಗೆ ವರದಿ ಕೊಡತೊಡಗಿದರು. ಜುಲೈ ಕೊನೆಗೆ ಎಲ್ಲರ ಹೊತ್ತೂ ಇಳಿದಿತ್ತು. ನನ್ನ ನಡೆಯಲ್ಲಿ ಒಂದು ಬಗೆಯ ಪ್ರೊಫೆಸರ್‌ತನ ಸೇರಿಕೊಂಡಿತ್ತು.

ಕಾಶಿಯದೊಂದೇ ತೊಡಕು. ಬಲಕ್ಕೆ ಮಿಂಚು, ಎಡಕ್ಕೆ ತಡ. ಹೆಚ್ಚೇನಲ್ಲ, ಅರ್ಧ ಸೆಕೆಂಡು. ಆದರೆ ದಿನಾಲೂ ಅದೇ ಅರ್ಧ ಸೆಕೆಂಡು. ನಾನು "ಎಡ!" ಎಂದರೆ ಅವಳು ಒಂದು ಉಸಿರು ನಿಂತು ಆಮೇಲೆ ಏಳುತ್ತಿದ್ದಳು. ಸುತ್ತ ಹುಡುಗಿಯರು ಕಿಸಕಿಸ ಎನ್ನುತ್ತಿದ್ದರು. ಆ ವಯಸ್ಸಿನ ಹುಡುಗಿಯರು ಗಾಳಿ ಬೀಸಿದರೂ ನಗುತ್ತಾರೆ ಎಂದು ನಾನು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ರಿಜಿಸ್ಟರಿನಲ್ಲಿ ಅವಳ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ಬರೆದೆ: ಎಡಗಣ್ಣು ಸಂಶಯಾಸ್ಪದ.

ಅಂಗಡಿಗೆ ಕರೆದು ಕಣ್ಣು ನೋಡಿದೆ. ಸರಿಯಿತ್ತು. ನನ್ನ ಮೇಲೆ ನನಗೇ ನಂಬಿಕೆ ಸಾಲದೆ ವಾಶಿಯ ಕಣ್ಣಿನ ಡಾಕ್ಟರಲ್ಲಿಗೆ ಕಳಿಸಿದೆ. ಅವರೂ ಫೋನಿನಲ್ಲಿ ಸರಿಯಿದೆ ಎಂದರು. ಸರಿಯಿರುವ ಕಣ್ಣು ತಡ ಮಾಡಿದರೆ ದೋಷ ಬುದ್ಧಿಯದು ಎಂಬ ತೀರ್ಮಾನಕ್ಕೆ ರಿಜಿಸ್ಟರು ತಾನಾಗಿಯೇ ಬಂದುಬಿಟ್ಟಿತು. ರಿಜಿಸ್ಟರಿನ ಹಿಂದೆ ನಾನಿದ್ದೆ ಎಂಬುದನ್ನು ಈಗ ಒಪ್ಪಿಕೊಳ್ಳುತ್ತೇನೆ.

ಆಗಸ್ಟಿನಲ್ಲಿ ಜಾಧವ್ ಬಾಯಿ ಪಟ್ಟಿ ಮಾಡಲು ಕೂತರು. ಪಂದ್ಯಕ್ಕೆ ಹನ್ನೆರಡು ಹೆಸರು, ಇಬ್ಬರನ್ನು ಬಿಡಬೇಕು. ಒಬ್ಬಳಿಗೆ ಟೈಫಾಯ್ಡು, ಅವಳದ್ದು ತಾನೇ ಬಿಟ್ಟುಹೋಯಿತು. ಇನ್ನೊಬ್ಬಳು?

"ಕಾಲು ನೋಡಿದರೆ ಕಾಶಿಯನ್ನು ಬಿಡಲು ಮನಸ್ಸಿಲ್ಲ," ಎಂದರು ಬಾಯಿ. "ಆದರೆ ನಿಮ್ಮ ರಿಜಿಸ್ಟರು ಎಡಕ್ಕೆ ತಡ ಅನ್ನುತ್ತದೆ. ಪಂದ್ಯದಲ್ಲಿ ಎದುರಾಳಿ ಅದನ್ನು ಎರಡೇ ನಿಮಿಷದಲ್ಲಿ ಕಂಡುಹಿಡಿಯುತ್ತಾರೆ. ಸೋಮವಾರ ಪಟ್ಟಿ ಹೋಗಬೇಕು ಕಾಕಾ." ಪೆನ್ಸಿಲಿನಿಂದ ಕಾಶಿಯ ಹೆಸರಿನ ಮೇಲೆ ತೆಳ್ಳಗೆ ಒಂದು ಗೆರೆ ಎಳೆದರು. ಅಳಿಸಬಹುದಾದ ಗೆರೆ, ಆದರೂ ಗೆರೆಯೇ.

ಆ ಗೆರೆಯ ಕೆಳಗೆ ಏನಿದೆ ಎಂದು ನನಗೆ ಶನಿವಾರ ಗೊತ್ತಾಯಿತು. ಡಾಕ್ಟರ ಚೀಟಿ ಕೊಡಲು ಕಾಶಿ ಅಂಗಡಿಗೆ ಬಂದಿದ್ದಳು. ಘಣಸೋಲಿಯ ಕಟ್ಟಡ ಮುಗಿದಿತ್ತು. ಗಣಪತಿ ಕಳಿಸಿದ ಮೇಲೆ ಗುತ್ತಿಗೆದಾರ ಎಲ್ಲರನ್ನೂ ತಳೋಜಾ ಕಡೆಯ ಹೊಸ ಸೈಟಿಗೆ ಕರೆದೊಯ್ಯುತ್ತಾನಂತೆ.

"ಟೀಮಿನ್ಯಾಗ ಹೆಸರು ಬಂದ್ರ ಇಲ್ಲೇ ಚಿಗವ್ವನ ಮನ್ಯಾಗ ಇರು, ಹತ್ತನೆತ್ತೆ ಮುಗಸು ಅಂದಾರ್ರಿ ಅಪ್ಪ," ಎಂದಳು. "ಬರಲಿಲ್ಲಂದ್ರ ಅವರ ಕೂಡ ಹೋಗೂದು. ಅಲ್ಲಿ ಸಣ್ಣ ತಮ್ಮನ್ನ ನೋಡ್ಕೊಳ್ಳಾಕ ಯಾರೂ ಇಲ್ರಿ."

"ಮತ್ತೆ ಶಾಲೆ?"

ಅವಳು ಶೋಕೇಸಿನಲ್ಲಿದ್ದ ಕಪ್ಪು ಕನ್ನಡಕಗಳನ್ನು ನೋಡಿದಳು.

ನನಗೆ ಏನು ಮಾಡಬೇಕೆಂದು ತೋಚಲಿಲ್ಲ. ತೋಚದಾಗ ಮಾಡುವ ಕೆಲಸವನ್ನೇ ಮಾಡಿದೆ. ಕುರ್ಚಿಯಲ್ಲಿ ಕೂರಿಸಿ ಬಲಗಣ್ಣು ಮುಚ್ಚಿಸಿ ಎಡಗಣ್ಣಿನಲ್ಲಿ ಮತ್ತೊಮ್ಮೆ ಚಾರ್ಟು ಓದಿಸಿದೆ. ಅವಳು ಕೊನೆಯ ಸಾಲು ಓದಿದಳು. ಅದರ ಕೆಳಗೆ ಮೂಲೆಯಲ್ಲಿ ಚಾರ್ಟು ಅಚ್ಚು ಮಾಡಿದವರ ವಿಳಾಸವಿತ್ತು. ಅದನ್ನೂ ಪಿನ್‌ಕೋಡ್ ಸಮೇತ ಓದಿದಳು. ಹನ್ನೊಂದು ವರ್ಷ ಆ ಚಾರ್ಟಿನ ಎದುರು ಕೂತ ನನಗೆ ಅಲ್ಲೊಂದು ವಿಳಾಸವಿರುವುದೇ ಗೊತ್ತಿರಲಿಲ್ಲ.

"ಹಾಗಾದರೆ ಎಡಕ್ಕೆ ಮಾತ್ರ ಯಾಕೆ ಮಗಾ ತಡ? ನನಗಾದರೂ ಹೇಳು."

ಅವಳು ಮೆಲ್ಲಗೆ, ನನಗೆ ನೋವಾಗಬಾರದೆಂಬ ಎಚ್ಚರದಲ್ಲಿ ಹೇಳಿದಳು. "ಸರ, ನೀವು ಎಡ ಅಂದಕೂಡ್ಲೆ ಅವ್ರೆಲ್ಲಾ ನಗ್ತಾರ್ರಿ. ನೀವು ನನಗ ಯೇಡಾ ಅಂತ ಬೈದ್ರಿ ಅಂತ ಅವ್ರು ತಿಳ್ಕೊಂಡಾರ. ಅವ್ರು ನಗೂದು ಮುಗೀಲಿ ಅಂತ ನಾ ನಿಲ್ತೀನ್ರಿ, ಆಮ್ಯಾಲ ಏಳ್ತೀನಿ."

ಯೇಡಾ. ಈ ಊರಿನ ಮಾತಿನಲ್ಲಿ ಹುಚ್ಚ, ತಲೆ ಸರಿಯಿಲ್ಲದವ. ಇಪ್ಪತ್ತು ವರ್ಷ ಲೋಕಲ್ ಗಾಡಿಯ ಬಾಗಿಲಲ್ಲಿ ನಿಂತು ಆ ಬಿರುದನ್ನು ನಾನೇ ಎಷ್ಟೋ ಸಲ ಸ್ವೀಕರಿಸಿದ್ದೇನೆ. ಆದರೂ ನನ್ನ ಬಾಯಿಂದ ಹೊರಟ ಎಡ ಇನ್ನೊಬ್ಬರ ಕಿವಿಯಲ್ಲಿ ಏನಾಗಿ ಇಳಿಯುತ್ತದೆ ಎಂದು ಒಂದು ದಿನವೂ ಹೊಳೆದಿರಲಿಲ್ಲ. ಎರಡು ತಿಂಗಳು, ದಿನಕ್ಕೆ ಹತ್ತು ಸಲ, ನಾನು ಎಲ್ಲರೆದುರು ಆ ಮಗುವನ್ನು ಹುಚ್ಚಿ ಎಂದು ಕೂಗಿ, ಅವಳು ತಡೆದುಕೊಂಡ ಹೊತ್ತನ್ನು ಸ್ಟಾಪ್‌ವಾಚಿನಲ್ಲಿ ಅಳೆದಿದ್ದೆ.

"ಮೊದಲೇ ಯಾಕೆ ಹೇಳಲಿಲ್ಲ?"

"ಹೇಳಿದ್ರ ನೀವು ನನ್ ಕೂಡ ಕನ್ನಡ ಮಾತಾಡೂದು ಬಿಡ್ತಿದ್ರಿ," ಎಂದಳು ಕಾಶಿ.

ನಾನು ಎದ್ದು ಒಳಗಿನ ಪರದೆಯ ಹಿಂದೆ ಹೋಗಿ, ಒರೆಸಬೇಕಾಗಿಲ್ಲದ ಒಂದು ಕನ್ನಡಕವನ್ನು ಒರೆಸಿ ಬಂದೆ.

ಸೋಮವಾರ ಬೆಳಿಗ್ಗೆ ಶಾಲೆ ಶುರುವಾಗುವ ಮೊದಲೇ ಬಾಯಿಯವರ ಮುಂದೆ ನಿಂತಿದ್ದೆ. ಕೊಡೆಯಿಂದ ನೀರು ಇಳಿಯುತ್ತಿತ್ತು. ಭಾಷಣಗಳಲ್ಲಿ ಪಳಗಿದ್ದೆನೇ ಹೊರತು ತಪ್ಪೊಪ್ಪಿಗೆಯ ಅಭ್ಯಾಸ ನನಗಿರಲಿಲ್ಲ, ತಡವರಿಸಿದೆ. ಕತೆ ಪೂರ್ತಿಯಾಗುವಷ್ಟರಲ್ಲಿ ಬಾಯಿ ಮೇಜಿನ ಮೇಲೆ ತಲೆಯಿಟ್ಟು ನಗುತ್ತಿದ್ದರು. ತಲೆಯೆತ್ತಿದಾಗ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

"ಕಾಕಾ, ನಾನೂ ಹಾಗೇ ಅಂದುಕೊಂಡಿದ್ದೆ. ಕರ್ನಾಟಕದ ಕಡೆ ಪ್ರೀತಿಯಿಂದ ಬೈದು ಕಲಿಸುತ್ತಾರೇನೋ ಅಂತ." ಆಮೇಲೆ ನಗು ನಿಲ್ಲಿಸಿದರು. "ಆದರೆ ನಿಮ್ಮ ಮಾತಿನ ಮೇಲೆ ಹೆಸರು ತೆಗೆದೆ. ನಿಮ್ಮ ಮಾತಿನ ಮೇಲೇ ಮತ್ತೆ ಹಾಕಲಿಕ್ಕಾಗದು. ಎಲ್ಲರೆದುರು ಎಲ್ಲರನ್ನೂ ಇನ್ನೊಮ್ಮೆ ನೋಡೋಣ, ಕೊನೆಗೆ ಬಂದವಳು ಹೊರಗೆ. ಈ ಸಲ ನೀವು ಬಾಯಿ ತೆರೆಯಬೇಡಿ."

ಮೊದಲ ಗಂಟೆಗೇ ಹುಡುಗಿಯರನ್ನು ಪಡಸಾಲೆಗೆ ಕರೆಸಿದರು. ಬದಿ ಕೂಗುವ ಬದಲು ಚೀಟಿ ಹಿಡಿದ ಇಬ್ಬರಲ್ಲಿ ಒಬ್ಬಳು ಬಿಳಿ ಕರವಸ್ತ್ರ ಎತ್ತಬೇಕು, ಕೂತವಳು ಅದು ಎದ್ದ ಕಡೆ ಹೊರಳಬೇಕು. ಸ್ಟಾಪ್‌ವಾಚು ಬಾಯಿಯವರ ಕೈಯಲ್ಲಿ. ನನಗೆ ಕಿಟಕಿಯ ಬಳಿ ಒಂದು ಸ್ಟೂಲು. ಕಾಶಿಯ ಸರದಿ ಬಂದಾಗ ಅವಳು ಕೂತು ಗೋಡೆಯ ಬೊಟ್ಟನ್ನು ನೋಡಿದಳು. ಹೊರಗೆ ಮಳೆ ಬಿಟ್ಟರೆ ಸದ್ದಿಲ್ಲ. ಎಡದ ಕರವಸ್ತ್ರ ಎದ್ದಿತು. "ನಾಲ್ಕು!" ಎನ್ನುತ್ತ ಎದ್ದಳು. ಮತ್ತೆ ಎಡ. ಬಲ. ಎಡ. ಯಾರೂ ನಗಲಿಲ್ಲ, ನಗಲು ಏನೂ ಇರಲಿಲ್ಲ. ಹತ್ತು ಸಲ ಆದ ಮೇಲೆ ಬಾಯಿ ಸ್ಟಾಪ್‌ವಾಚನ್ನು ನನ್ನ ಮುಖದ ಹತ್ತಿರ ಹಿಡಿದರು. ಎಡ ಬಲ ಒಂದೇ. ಇಡೀ ತಂಡದಲ್ಲಿ ಅವಳು ಮೂರನೆಯವಳು. ಕತೆಗೆ ಮೊದಲನೆಯ ಸ್ಥಾನ ಚೆನ್ನಾಗಿ ಒಪ್ಪುತ್ತಿತ್ತು, ಏನು ಮಾಡುವುದು, ಮೂರನೆಯವಳೇ. ಬಾಯಿ ಜೇಬಿನಿಂದ ರಬ್ಬರು ತೆಗೆದರು.

ಪಂದ್ಯದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಕಲ್ಯಾಣದಲ್ಲಿ ನಡೆಯಿತು. ಒಂದು ಸುತ್ತು ಗೆದ್ದೆವು. ಎರಡನೆಯದರಲ್ಲಿ ಡೊಂಬಿವಲಿಯ ಹುಡುಗಿಯರು ನಮ್ಮನ್ನು ಸಾವಕಾಶವಾಗಿ, ಮರ್ಯಾದೆಯಿಂದ ಸೋಲಿಸಿದರು. ಅವರಿಗೆ ಚೆಂಡಿಲ್ಲ, ಚೀಟಿಯಿಲ್ಲ, ಬೊಟ್ಟಿಲ್ಲ, ಮಳೆ ಬೀಳದ ಒಂದು ಮೈದಾನವಿತ್ತು. ನನ್ನ ಕಣ್ಣಿನ ಕಸರತ್ತು ನಮ್ಮ ಮಕ್ಕಳಿಗೆ ಎಷ್ಟು ದಕ್ಕಿತು ಎಂದು ಈಗಲೂ ಹೇಳಲಾರೆ. ಪಡಸಾಲೆಯಲ್ಲಿ ಪಡಸಾಲೆಯ ಆಟ ಚೆನ್ನಾಗಿ ಕಲಿತರು ಎಂಬುದು ಖಂಡಿತ. ಆ ರಿಜಿಸ್ಟರಿನಲ್ಲಿ ಕೆಂಪು ಶಾಯಿಯ ಮಾತನ್ನು ಹೊಡೆದು, ಪಕ್ಕದಲ್ಲಿ "ದೋಷ ಪರೀಕ್ಷಕನದು" ಎಂದು ಬರೆದು ಸಹಿ ಹಾಕಿದೆ. ವಿಜ್ಞಾನಕ್ಕೆ ನನ್ನ ಕೊಡುಗೆ ಅಷ್ಟು.

ಆದರೆ ಪಂದ್ಯಕ್ಕಿಂತ ಮೊದಲು, ಗಣಪತಿ ನೀರಿಗೆ ಹೋದ ಮರುದಿನ, ಒಬ್ಬ ಹೆಂಗಸು ಅಂಗಡಿಯ ಹೊರಗೆ ನಿಂತಿದ್ದಳು. ಕಾಲಿನಲ್ಲಿ ಸಿಮೆಂಟಿನ ಬಿಳಿ, ಕೈಯಲ್ಲಿ ಬಟ್ಟೆಯ ಗಂಟು. ಒಳಗೆ ಬಾ ಎಂದರೆ "ನೆಲಾ ಹೊಲಸಾಗತೈತ್ರಿ" ಎಂದು ಮೆಟ್ಟಿಲ ಮೇಲೆಯೇ ಉಳಿದಳು. ಕಾಶಿಯ ತಾಯಿ. ಗಂಟಿನಲ್ಲಿ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ.

"ನಾಳಿ ಹೊಂಟೀವ್ರಿ ಸಾಹೇಬ್ರ. ಪೋರಿ ಇಲ್ಲೇ ಇರ್ತೈತಿ, ನನ್ನ ತಂಗಿ ಮನ್ಯಾಗ."

"ಒಳ್ಳೇದಾಯಿತು ತಾಯಿ. ಓದಲಿ, ಆಡಲಿ. ನಾವೆಲ್ಲ ಇದ್ದೇವೆ."

"ಉಣ್ಣಾಕ ತಿನ್ನಾಕ ಚಿಂತಿಲ್ರಿ." ಅವಳು ಸೆರಗಿನ ತುದಿ ತಿರುವಿದಳು. "ತಂಗಿ ಮಕ್ಕಳು ಹಿಂದಿ ಮಾತಾಡ್ತಾವು. ಸಾಲ್ಯಾಗ ಮರಾಠಿ. ನನಗ ಎರಡೂ ನೆಟ್ಟಗ ಬರೂದಿಲ್ಲ. ನಾಕಾರು ತಿಂಗಳಿಗೊಮ್ಮಿ ನಾ ಬಂದಾಗ ಇಕಿ ನನ್ ಕೂಡ ಯಾವ ಮಾತ್ನ್ಯಾಗ ಮಾತಾಡಬೇಕ್ರಿ? ವಾರಕ್ಕೊಮ್ಮಿ ಕುಂಡರಿಸ್ಕೊಂಡು ನಮ್ಮ ಮಾತ್ನ್ಯಾಗ ನಾಕು ಮಾತು ಆಡಸ್ರಿ. ಅಷ್ಟ ಮಾಡ್ರಿ."

ಆಗಲಿ ಎಂದೆ. ಗಂಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡೆ.

ಮುಂದಿನ ಭಾನುವಾರ ಮಧ್ಯಾಹ್ನ ಕಾಶಿ ತಲೆಗೆ ಎಣ್ಣೆ ಹಾಕಿ ಬಾಚಿಕೊಂಡು ಬಂದು ಸ್ಟೂಲಿನ ಮೇಲೆ ಕೂತಳು. ನನಗೆ ವಹಿಸಿದ ಹೊಣೆ ಸಣ್ಣದಲ್ಲ ಎಂಬ ಅರಿವಿನಿಂದ ನಾನು ಗಂಟಲು ಸರಿಮಾಡಿಕೊಂಡು ಕೇಳಿದೆ: "ಊಟವಾಯಿತೇ?"

ಅವಳು ತುಟಿ ಕಚ್ಚಿದಳು. "ಸರ, ನೀವು ಯಾಕ ಪುಸ್ತಕ ಓದಿದಂಗ ಮಾತಾಡ್ತೀರಿ?"

"ನಾನು ಪುಸ್ತಕದಿಂದಲೇ ಕಲಿತದ್ದು ಮಗಾ. ನಮ್ಮ ಮನೆಯಲ್ಲಿ ಆಡುವುದು ತುಳು. ಕನ್ನಡ ಶಾಲೆಗೆ ಹೋದ ಮೇಲೆ ಬಂತು."

ಕಾಶಿ ನನ್ನನ್ನು ಮೇಲಿಂದ ಕೆಳಗೆ ಹೊಸದಾಗಿ ನೋಡಿದಳು. ಸ್ಟೂಲನ್ನು ಒಂದಿಷ್ಟು ಮುಂದೆ ಎಳೆದುಕೊಂಡಳು.

"ಹಂಗಂದ್ರ ನಿಮಗೂ ಕಲಿಸಬೇಕಾತು," ಎಂದಳು. "ಊಟ ಆತೇನವ್ವಾ ಅನ್ರಿ."

"ಊಟ ಆಯ್ತೇನಮ್ಮಾ."

"ಆಯ್ತೇನಮ್ಮಾ ಅಲ್ರಿ. ಆತೇನವ್ವಾ."

ಹೊರಗೆ ಗಿರಾಕಿಯೊಬ್ಬರು ಕೊಡೆ ಮಡಚುತ್ತಿದ್ದರು. ಒಂದು ನಿಮಿಷ ಕೂರಿ ಎಂದು ಅವರಿಗೆ ಕೈ ಮಾಡಿದೆ.

"ಊಟ ಆತೇನವ್ವಾ?"

"ಆತ್ರಿ," ಎಂದಳು ಕಾಶಿ. "ನಿಮ್ದು?"